ಹಳೆಯ ಎಫ್‌ಸಿ ವ್ಯಾನಿನ ಟಕಟಕ ಸದ್ದು ಮತ್ತು ಒಳಗೆ ಬರುವ ಹೊಗೆ

ಪ್ರಶ್ನೆ: ಮಾನ್ಯರೇ, ನಮ್ಮ ಅಜ್ಜನವರು ಕಾಫಿ ತೋಟದ ಕೆಲಸಕ್ಕೆಂದು ತಂದಿದ್ದ ಮಹೀಂದ್ರ ಎಫ್‌ಸಿ 150 ಪೆಟ್ರೋಲ್ ವ್ಯಾನನ್ನು ಕಳೆದ ವರ್ಷ ದುರಸ್ತಿ ಮಾಡಿಸಿ, ಒಳಗೆ ಎರಡು ಮಲಗುವ ಹಲಗೆ ಹಾಗೂ ಸಣ್ಣ ಅಡುಗೆ ಕಟ್ಟೆಯನ್ನು ಕಟ್ಟಿಸಿ, ಸಂಸಾರ ಸಮೇತ ಸುತ್ತಾಡುವ ಮನೆಗಾಡಿ ಮಾಡಿಕೊಂಡಿದ್ದೇನೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದೊಡನೆ ಟಕಟಕ ಸದ್ದು ಬರುತ್ತದೆ, ಎಂಜಿನ್ ಬಿಸಿಯಾದ ಮೇಲೆ ಅದು ಕಡಿಮೆಯಾಗುತ್ತದೆ. ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿಯುವಾಗ ಆಕ್ಸಿಲರೇಟರ್ ಬಿಟ್ಟರೆ ಸೈಲೆನ್ಸರಿನಲ್ಲಿ ಪಟಪಟನೆ ಸಿಡಿಯುತ್ತದೆ. ಒಳಗೆ ಹೊಗೆಯ ವಾಸನೆ ಇದ್ದು, ಮುಂದಿನ ಸೀಟಿನಲ್ಲಿ ಕೂರುವ ನನ್ನ ಹೆಂಡತಿಗೆ ತಲೆನೋವು ಬರುತ್ತದೆ. ಒಬ್ಬ ಮೆಕ್ಯಾನಿಕ್ ನಟ್ಟುಗಳನ್ನು ಬಿಗಿ ಮಾಡಿದರೆ ಸಾಕೆಂದರು, ಇನ್ನೊಬ್ಬರು ಸಿಲಿಕೋನ್ ಪೇಸ್ಟ್ ಹಚ್ಚೋಣವೆಂದರು. ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಇದೇ ಗಾಡಿಯಲ್ಲಿ ಹೋಗುವ ಆಸೆ. ಏನು ಮಾಡಬೇಕು?
– ಓದುಗರು, ಮಡಿಕೇರಿ ತಾಲ್ಲೂಕು

ಉತ್ತರ: ಮೊದಲು ತಲೆನೋವಿನ ಮಾತನ್ನು ಆಡಬೇಕು. ಎಫ್‌ಸಿ ಗಾಡಿಯಲ್ಲಿ ಎಂಜಿನ್ ಮುಂದಿನ ಬಾನೆಟ್ಟಿನೊಳಗಿಲ್ಲ. ಎರಡು ಸೀಟುಗಳ ನಡುವಿನ ಮುಚ್ಚಳದ ಕೆಳಗಿದೆ. ಆದ್ದರಿಂದ ಮ್ಯಾನಿಫೋಲ್ಡಿನಿಂದ (ಎಲ್ಲ ಸಿಲಿಂಡರುಗಳ ಹೊಗೆಯನ್ನು ಒಟ್ಟುಗೂಡಿಸಿ ಸೈಲೆನ್ಸರಿಗೆ ಕಳಿಸುವ ಬೀಡುಕಬ್ಬಿಣದ ಕೊಳವೆ) ಸೋರಿದ ಹೊಗೆ ರಸ್ತೆಗೆ ಹೋಗದೆ ನೇರವಾಗಿ ಕೂತವರ ಮುಖಕ್ಕೆ ಬರುತ್ತದೆ. ಪೆಟ್ರೋಲ್ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ರಕ್ತದ ಹಿಮೊಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ನಿಮಗೆ ಬರುತ್ತಿರುವ ವಾಸನೆ ಹೊಗೆಯ ಬೇರೆ ಅಂಶಗಳದ್ದು. ಹಾಗಾಗಿ ವಾಸನೆ ಕಡಿಮೆಯಾಯಿತೆಂದು ಅಪಾಯ ಹೋಯಿತೆಂದು ತಿಳಿಯಬೇಡಿ. ತಲೆನೋವು, ವಾಕರಿಕೆ, ತಲೆಸುತ್ತು ಈ ವಿಷದ ಮೊದಲ ಲಕ್ಷಣಗಳು. ಹಾಗಾದಾಗ ಗಾಡಿ ನಿಲ್ಲಿಸಿ ಎಲ್ಲರೂ ಹೊರಗೆ ಬಂದು, ಆಸ್ಪತ್ರೆಗೆ ಹೋಗಿ ಹೊಗೆಯ ವಿಷಯವನ್ನು ವೈದ್ಯರಿಗೆ ತಿಳಿಸಬೇಕು. ದುರಸ್ತಿ ಮುಗಿಯುವವರೆಗೆ ಮಕ್ಕಳನ್ನು ಕೂರಿಸಿಕೊಂಡು ಹೋಗಬೇಡಿ. ದುರಸ್ತಿಯಾದ ಮೇಲೂ ಎಂಜಿನ್ ಓಡುತ್ತಿರುವಾಗ ಒಳಗೆ ಯಾರೂ ಮಲಗಬಾರದು, ಮಲಗುವ ಹಲಗೆಯ ಬಳಿ ಬ್ಯಾಟರಿಯಿಂದ ನಡೆಯುವ ಮೊನಾಕ್ಸೈಡ್ ಅಲಾರಂ ಒಂದು ಇರಲೇಬೇಕು.

ನೀವು ಹೇಳಿದ ಲಕ್ಷಣಗಳು ಒಂದಕ್ಕೊಂದು ಹೊಂದುತ್ತವೆ. ತಣ್ಣಗಿದ್ದಾಗ ಮ್ಯಾನಿಫೋಲ್ಡಿಗೂ ಎಂಜಿನ್ನಿಗೂ ನಡುವೆ ಇರುವ ಸಂದು, ಬೀಡುಕಬ್ಬಿಣ ಬಿಸಿಯಾಗಿ ಹಿಗ್ಗಿದಂತೆ ಕಿರಿದಾಗುತ್ತದೆ; ಸದ್ದು ಅದಕ್ಕೇ ಅಡಗುತ್ತದೆ. ಘಾಟಿ ಇಳಿಯುವಾಗ ಅದೇ ಸಂದಿನಿಂದ ಹೊರಗಿನ ಗಾಳಿ ಒಳಗೆ ಎಳೆಯಲ್ಪಟ್ಟು, ಸೈಲೆನ್ಸರಿನಲ್ಲಿ ಉಳಿದ ಅರೆಬೆಂದ ಪೆಟ್ರೋಲಿಗೆ ಸೇರಿ ಸಿಡಿಯುತ್ತದೆ. ಆದರೂ ಟ್ಯಾಪೆಟ್ (ವಾಲ್ವನ್ನು ಎತ್ತುವ ಭಾಗ) ಸದ್ದನ್ನೇ ಸೋರಿಕೆಯೆಂದು ಭಾವಿಸುವ ತಪ್ಪು ಆಗಬಾರದು. ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿ, ರಬ್ಬರ್ ಹಿಡಿಯ ಇಕ್ಕಳದಿಂದ ಪ್ಲಗ್ ವೈರುಗಳನ್ನು ಒಂದೊಂದಾಗಿ ಕಳಚಿ ನೋಡಿ. ಯಾವ ಸಿಲಿಂಡರಿನ ವೈರ್ ತೆಗೆದಾಗ ಸದ್ದು ಮೆತ್ತಗಾಗುತ್ತದೆಯೋ ಅದರ ಬಾಯಲ್ಲಿ ಸೋರಿಕೆ ಇದೆ. ಕಾರ್ಬುರೇಟರ್ ಸುತ್ತ ಪೆಟ್ರೋಲ್ ತೇವ ಇಲ್ಲವೆಂದು ಖಚಿತಪಡಿಸಿಕೊಂಡ ನಂತರ, ಹೊತ್ತಿಸಿದ ಊದುಬತ್ತಿಯನ್ನು ಸಂದಿನುದ್ದಕ್ಕೂ ನಿಧಾನವಾಗಿ ಒಯ್ದರೆ ಹೊಗೆ ಚದುರುವ ಜಾಗವೂ ಕಾಣುತ್ತದೆ. ಅಲ್ಲಿ ಕಪ್ಪು ಮಸಿಯ ಗೆರೆಯೂ ಇರುತ್ತದೆ.

ಇನ್ನು ಆ ಇಬ್ಬರು ಹೇಳಿದ ಪರಿಹಾರಗಳು. ಎರಡನ್ನೂ ನಾನು ಒಪ್ಪುವುದಿಲ್ಲ. ಘಾಟಿ ಏರುವಾಗ ಪೆಟ್ರೋಲ್ ಎಂಜಿನ್ನಿನ ಹೊಗೆ 600 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅಂಗಡಿಯಲ್ಲಿ ಸಿಗುವ ಸಿಲಿಕೋನ್ ಅದರ ಅರ್ಧದಷ್ಟು ಬಿಸಿಯಲ್ಲೇ ಸುಟ್ಟು ಉದುರುತ್ತದೆ. ಒಮ್ಮೆ ಸೋರಿದ ಪ್ಯಾಕಿಂಗನ್ನು (ಸಂದಿನಲ್ಲಿ ಸೋರದಂತೆ ಇಡುವ ತೆಳು ಹಾಳೆ) ಬಿಸಿ ಹೊಗೆ ಕೊರೆದಿರುತ್ತದೆಯಾದ್ದರಿಂದ ಬಿಗಿ ಮಾಡಿದರೂ ಅದು ಮತ್ತೆ ಕೂರುವುದಿಲ್ಲ, ಮೇಲಾಗಿ ತುಕ್ಕು ಹಿಡಿದ ಸ್ಟಡ್ (ನಟ್ಟು ಕೂರುವ, ಎಂಜಿನ್ನಿಗೆ ನೆಟ್ಟ ತಿರುಪಿನ ಸರಳು) ಮುರಿಯುವ ಸಂಭವವೇ ಹೆಚ್ಚು. ಸುಮಾರು 40 ಸೆಂಟಿಮೀಟರ್ ಉದ್ದದ ಬೀಡುಕಬ್ಬಿಣ 500 ಡಿಗ್ರಿಯಷ್ಟು ಬಿಸಿಯೇರಿದರೆ 2 ಮಿಲಿಮೀಟರಿನಷ್ಟು ಉದ್ದವಾಗುತ್ತದೆ, ಆದರೆ ನೀರಿನಿಂದ ತಣ್ಣಗಿರುವ ಬ್ಲಾಕ್ (ಎಂಜಿನ್ನಿನ ಮುಖ್ಯ ಒಡಲು) ಅಷ್ಟು ಹಿಗ್ಗುವುದಿಲ್ಲ. ಈ ಜಾರಾಟಕ್ಕೆ ಅವಕಾಶ ಬೇಕು. ಅತಿಯಾಗಿ ಬಿಗಿದರೆ ಮ್ಯಾನಿಫೋಲ್ಡ್ ಸೊಟ್ಟಗಾಗುತ್ತದೆ, ಇಲ್ಲವೇ ಬಿರುಕು ಬಿಡುತ್ತದೆ.

ಆದ್ದರಿಂದ ಮ್ಯಾನಿಫೋಲ್ಡನ್ನು ಬಿಚ್ಚಲೇಬೇಕು, ಮತ್ತು ಬಿಚ್ಚುವುದೇ ಈ ಕೆಲಸದ ಕಷ್ಟದ ಭಾಗ. ನಿಮ್ಮ ಗಾಡಿಯ 2.2 ಲೀಟರಿನ ಹರಿಕೇನ್ ಎಂಜಿನ್ ಜೀಪಿನದ್ದೇ. ಅದರಲ್ಲಿ ಗಾಳಿ ಎಳೆಯುವ ವಾಲ್ವುಗಳು ಬ್ಲಾಕಿನ ಮೇಲೆ ಕೂರುವ ಹೆಡ್ಡಿನಲ್ಲಿಯೂ ಹೊಗೆ ಬಿಡುವ ವಾಲ್ವುಗಳು ಬ್ಲಾಕಿನಲ್ಲಿಯೂ ಇರುವುದರಿಂದ, ಎಗ್ಸಾಸ್ಟ್ ಮ್ಯಾನಿಫೋಲ್ಡ್ ಬ್ಲಾಕಿನ ಪಕ್ಕಕ್ಕೇ ಕೂರುತ್ತದೆ. ಇದರ ಪರಿಣಾಮ ದೊಡ್ಡದು. ಬೇರೆ ಎಂಜಿನ್ನುಗಳಲ್ಲಿ ಸ್ಟಡ್ ಮುರಿದರೆ ಹೆಡ್ ಬಿಚ್ಚಿ ಲೇತ್ ಅಂಗಡಿಗೆ ಕೊಡಬಹುದು. ಇಲ್ಲಿ ಮುರಿದರೆ ಗಾಡಿಯ ಒಳಗಿನ ಆ ಕಿರಿದಾದ ಕಿಂಡಿಯಿಂದಲೇ ಡ್ರಿಲ್ ಹಿಡಿಯಬೇಕು, ಇಲ್ಲವೇ ಇಡೀ ಎಂಜಿನ್ನನ್ನೇ ಇಳಿಸಬೇಕು. ನಾನು ಒಮ್ಮೆ ತೋಟದ ಜೀಪೊಂದರಲ್ಲಿ ಹಿಂಬದಿಯ ಸ್ಟಡ್ಡನ್ನು ಆತುರದಿಂದ ಮುರಿದು, ಅರ್ಧ ಗಂಟೆಯ ಕೆಲಸಕ್ಕೆ ಎರಡು ದಿನ ಕಳೆದೆ. ಆ ಕಾರಣಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ: ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಮಳೆಯ ತೇವದಲ್ಲಿ ತಿಂಗಳುಗಟ್ಟಲೆ ನಿಂತ ಗಾಡಿಯ ನಟ್ಟು ಮೊದಲ ದಿನವೇ ಬಿಟ್ಟುಕೊಡಬೇಕೆಂದು ನಿರೀಕ್ಷಿಸಬೇಡಿ. ಮೂರು ನಾಲ್ಕು ದಿನ ಸಂಜೆ, ಎಂಜಿನ್ ತಣ್ಣಗಾದ ಮೇಲೆ ತುಕ್ಕು ಬಿಡಿಸುವ ಎಣ್ಣೆಯನ್ನು ಹಾಕುತ್ತಾ ಬನ್ನಿ, ನಡುನಡುವೆ ಎಂಜಿನ್ನನ್ನು ಗಾಡಿಯ ಹೊರಗೆ ನಿಂತು ಸ್ವಲ್ಪ ಹೊತ್ತು ಓಡಿಸಿ ಬಿಸಿ ಮಾಡಿ ಮತ್ತೆ ಆರಲು ಬಿಡಿ. ಆರು ಮೂಲೆಯ ಸಾಕೆಟ್ಟನ್ನೇ ಬಳಸಿ. ನಟ್ಟು ಸ್ವಲ್ಪ ಅಲುಗಿದರೆ ಪೂರ್ತಿ ತಿರುಗಿಸದೆ, ಕಾಲು ಸುತ್ತು ಬಿಚ್ಚಿ, ಮತ್ತೆ ಬಿಗಿದು, ಎಣ್ಣೆ ಹಾಕಿ, ಹೀಗೆ ಹಿಂದೆ ಮುಂದೆ ಆಡಿಸುತ್ತಾ ತೆಗೆಯಿರಿ. ಅದಕ್ಕೂ ಜಗ್ಗದಿದ್ದರೆ ಬ್ಯಾಟರಿ ಕಳಚಿ, ಕಾರ್ಬುರೇಟರ್ ತೆಗೆದಿಟ್ಟು, ಪೆಟ್ರೋಲ್ ಪೈಪಿನ ಬಾಯಿ ಮುಚ್ಚಿ, ಬೆಂಕಿ ಆರಿಸುವ ಸಾಧನವನ್ನು ಪಕ್ಕದಲ್ಲಿಟ್ಟುಕೊಂಡು, ಅನುಭವಿ ವೆಲ್ಡರಿಂದ ನಟ್ಟನ್ನು ಮಾತ್ರ ಕೆಂಪಗೆ ಕಾಯಿಸಿಸಿ. ಕೆಂಪು ಇಳಿದ ಮೇಲೆ ಮೇಣದಬತ್ತಿಯನ್ನು ತಾಗಿಸಿದರೆ ಮೇಣ ಕರಗಿ ನಟ್ಟಿನ ತಿರುಪಿನ ಗೆರೆಗಳೊಳಗೆ ಹರಿಯುತ್ತದೆ. ಇಷ್ಟಾಗಿಯೂ ಸ್ಟಡ್ ಮುರಿದು ತುಂಡು ಹೊರಗೆ ಉಳಿದಿದ್ದರೆ, ಅದರ ಮೇಲೆ ದೊಡ್ಡ ನಟ್ಟೊಂದನ್ನು ವೆಲ್ಡ್ ಮಾಡಿಸಿ ತಿರುಗಿಸುವುದು ಡ್ರಿಲ್ ಮಾಡುವುದಕ್ಕಿಂತ ಒಳ್ಳೆಯದು.

ಮ್ಯಾನಿಫೋಲ್ಡ್ ಕೈಗೆ ಬಂದ ಮೇಲೆ ಹಳೆಯ ಪ್ಯಾಕಿಂಗನ್ನು ಒಣಗಿದ ಸ್ಥಿತಿಯಲ್ಲಿ ಕೆರೆಯಬೇಡಿ. ಆ ಕಾಲದ ಪ್ಯಾಕಿಂಗುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು, ಅದರ ಧೂಳು ಶ್ವಾಸಕೋಶಕ್ಕೆ ಕೆಡುಕು. ನೀರಿನಲ್ಲಿ ಚೆನ್ನಾಗಿ ನೆನೆಸಿ, ಮಾಸ್ಕ್ ಹಾಕಿಕೊಂಡು ತೆಗೆಯಿರಿ. ನಂತರ ನೇರವಾದ ಉಕ್ಕಿನ ಪಟ್ಟಿಯನ್ನು ಮುಖಗಳ ಮೇಲಿಟ್ಟು ಫೀಲರ್ ಗೇಜ್ (ಸಂದು ಅಳೆಯುವ ತೆಳು ಉಕ್ಕಿನ ಎಲೆಗಳು) ತೂರಿಸಿ ನೋಡಿ, 0.2 ಮಿಲಿಮೀಟರಿನ ಎಲೆ ಸಲೀಸಾಗಿ ಒಳಗೆ ಹೋದರೆ ಲೇತ್ ಅಂಗಡಿಯಲ್ಲಿ ಎಲ್ಲ ಮುಖಗಳನ್ನೂ ಒಂದೇ ಮಟ್ಟಕ್ಕೆ ಫೇಸಿಂಗ್ ಮಾಡಿಸಬೇಕು. ಬಿರುಕು ಇದ್ದರೆ, ಒಳ್ಳೆಯ ಸ್ಥಿತಿಯ ಇನ್ನೊಂದು ಮ್ಯಾನಿಫೋಲ್ಡ್ ಹುಡುಕುವುದೇ ನನ್ನ ಸಲಹೆ. ಬೀಡುಕಬ್ಬಿಣದ ವೆಲ್ಡಿಂಗಿಗೆ ಮೊದಲೇ ಇಡೀ ತುಂಡನ್ನು ಕಾಯಿಸಿ, ನಿಕ್ಕಲ್ ರಾಡ್ ಬಳಸಿ, ಬಳಿಕ ಬೂದಿಯಲ್ಲಿ ಹೂತು ನಿಧಾನವಾಗಿ ಆರಿಸಬೇಕು. ಅಷ್ಟು ತಾಳ್ಮೆಯ ಕೈ ಸಿಗದಿದ್ದರೆ ಪಕ್ಕದಲ್ಲೇ ಹೊಸ ಬಿರುಕು ಮೂಡುತ್ತದೆ.

ಜೋಡಿಸುವಾಗ ಹೊಸ ಸ್ಟಡ್, ಹೊಸ ಪ್ಯಾಕಿಂಗ್, ತುಕ್ಕು ಹಿಡಿಯದ ಹಿತ್ತಾಳೆ ನಟ್ಟು ಬಳಸಿ. ನಡುವಿನ ನಟ್ಟಿನಿಂದ ಆರಂಭಿಸಿ ಎರಡೂ ತುದಿಗಳ ಕಡೆಗೆ, ಮೂರು ಸುತ್ತಿನಲ್ಲಿ, ಟಾರ್ಕ್ ರೆಂಚಿನಿಂದ ಎಂಜಿನ್ ಕೈಪಿಡಿಯಲ್ಲಿ ಹೇಳಿದಷ್ಟೇ ಬಿಗಿಯಿರಿ. ಒಮ್ಮೆ ಚೆನ್ನಾಗಿ ಓಡಿಸಿ, ಪೂರ್ತಿ ಆರಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಿ. ಸೈಲೆನ್ಸರ್ ಪೈಪಿನ ಹ್ಯಾಂಗರುಗಳನ್ನೂ ಎಂಜಿನ್ ಫೌಂಡೇಶನ್ ರಬ್ಬರುಗಳನ್ನೂ ಮರೆಯದೆ ನೋಡಿ. ಅವು ಹಾಳಾಗಿದ್ದರೆ ಪೈಪಿನ ಭಾರವೆಲ್ಲ ಮ್ಯಾನಿಫೋಲ್ಡಿಗೇ ಜೋತುಬಿದ್ದು, ತೋಟದ ರಸ್ತೆಯ ಕುಲುಕಾಟದಲ್ಲಿ ಹೊಸ ಪ್ಯಾಕಿಂಗ್ ಕೂಡ ಬೇಗ ಹೋಗುತ್ತದೆ. ಕೊನೆಗೆ ಎಂಜಿನ್ ಮುಚ್ಚಳದ ಅಂಚಿನ ರಬ್ಬರನ್ನು ಬದಲಿಸಿ. ಈಗಲೇ ಆರಂಭಿಸಿದರೆ ಸಂಕ್ರಮಣಕ್ಕೆ ಮೊದಲು ಭಾಗಮಂಡಲದವರೆಗೆ ಒಂದು ಪರೀಕ್ಷೆಯ ಓಟಕ್ಕೂ ಸಮಯ ಸಿಗುತ್ತದೆ.

ಪ್ರಶ್ನೆ: ನನ್ನ ಹಳೆಯ ಜೀಪಿನ ಮ್ಯಾನಿಫೋಲ್ಡಿಗೆ ಶಾಖ ತಡೆಯುವ ಪಟ್ಟಿ ಸುತ್ತಿಸಬಹುದೇ?
– ಓದುಗರು, ವಿರಾಜಪೇಟೆ

ಉತ್ತರ: ಬೇಡ. ಬೀಡುಕಬ್ಬಿಣದ ಬಿಸಿ ಹೊರಗೆ ಹೋಗದಂತೆ ಪಟ್ಟಿ ತಡೆಯುವುದರಿಂದ ಬಿರುಕಿನ ಸಂಭವ ಹೆಚ್ಚುತ್ತದೆ, ಕೊಡಗಿನ ಮಳೆಗಾಲದಲ್ಲಿ ಅದು ನೀರು ಹೀರಿ ಪೈಪನ್ನು ತುಕ್ಕು ಹಿಡಿಸುತ್ತದೆ. ಬಿಸಿಯಿಂದ ತೊಂದರೆಯಿದ್ದರೆ ಮ್ಯಾನಿಫೋಲ್ಡಿಗೆ ತಾಗದಂತೆ ಒಂದು ಬೆರಳಿನಷ್ಟು ಅಂತರ ಬಿಟ್ಟು ತಗಡಿನ ಮರೆ ಕಟ್ಟಿಸಿ. ಅತಿಯಾಗಿ ಕೆಂಪಗಾಗುತ್ತಿದ್ದರೆ ಇಗ್ನಿಷನ್ ಟೈಮಿಂಗ್ ಹಿಂದೆ ಬಿದ್ದಿದೆಯೇ, ಅಂದರೆ ಪ್ಲಗ್ಗಿನ ಕಿಡಿ ತಡವಾಗಿ ಬರುತ್ತಿದೆಯೇ ಎಂದು ಮೊದಲು ನೋಡಿಸಿ.