ನೆರವಿನ ಹಣದ ಲೆಕ್ಕ ಯಾರಿಗೆ ಒಪ್ಪಿಸಬೇಕು?

ಬಡ ದೇಶಗಳಿಗೆ ಹೋಗುವ ಆರೋಗ್ಯ ನೆರವನ್ನು ಅಲ್ಲಿನ ಅಧಿಕಾರಿಗಳೇ ನುಂಗುತ್ತಾರೆ, ನಿಲ್ಲಿಸುವುದೇ ಲೇಸಲ್ಲವೇ ಎಂದು ಕೇಳಿದ್ದೀರಿ. ನುಂಗುವುದು ಸುಳ್ಳಲ್ಲ. ಆದರೆ ನುಂಗಿಸುವವರನ್ನು ಬಿಟ್ಟಿದ್ದೀರಿ. ಏಡ್ಸ್, ಕ್ಷಯ, ಮಲೇರಿಯಾ ತಡೆಗೆ ಬಡ ದೇಶಗಳಿಗೆ ಹಣ ಕೊಡುವ ಅಂತರರಾಷ್ಟ್ರೀಯ ನಿಧಿ ಗ್ಲೋಬಲ್ ಫಂಡ್. ಅದು ಕಾಂಬೋಡಿಯಾಕ್ಕೆ ಕೊಟ್ಟ ಮಲೇರಿಯಾ ಹಣದ ತನಿಖಾ ವರದಿ 2013ರಲ್ಲಿ ಹೊರಬಂತು. ಸೊಳ್ಳೆಪರದೆಯ ಗುತ್ತಿಗೆಗಾಗಿ ಕಮಿಷನ್ ಕೊಟ್ಟವರು ಎರಡು ಅಂತರರಾಷ್ಟ್ರೀಯ ಕಂಪನಿಯವರು. ಇದನ್ನು ಬಯಲಿಗೆ ತಂದದ್ದು ಫಂಡಿನದೇ ತನಿಖಾ ವಿಭಾಗವಾದ ಇನ್‌ಸ್ಪೆಕ್ಟರ್ ಜನರಲ್ ಕಚೇರಿ ಎಂಬುದನ್ನೂ ಹೇಳಬೇಕು.

ನಾನು ಬಾಗಲಕೋಟೆ ಜಿಲ್ಲೆಯಲ್ಲಿ ವಿದೇಶಿ ನೆರವಿನ ಎಚ್‌ಐವಿ ಯೋಜನೆಯೊಂದರ ಲೆಕ್ಕ ಬರೆಯುತ್ತಿದ್ದವನು. ತರಬೇತಿಯ ಚಹಾಕ್ಕೂ ವೋಚರ್, ವೋಚರಿಗೆ ಹಾಜರಿ ಪಟ್ಟಿ, ಪಟ್ಟಿಗೆ ಫೋಟೊ. ಆಡಿಟರ್ ಬಂದರೆ ಖಾನಾವಳಿ ಬಿಲ್ಲಿನ ಮೊಹರನ್ನೂ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಜಮಖಂಡಿ ಕಡೆಯ ಹಳ್ಳಿಯಿಂದ ಕೂಲಿ ಬಿಟ್ಟು, ಎಚ್‌ಐವಿ ಮಾತ್ರೆ ಕೊಡುವ ಎಆರ್‌ಟಿ ಕೇಂದ್ರಕ್ಕೆ ಬಂದ ಹೆಣ್ಣುಮಗಳಿಗೆ ಮಾತ್ರೆ ಸಿಕ್ಕಿತೇ, ಬರಿಗೈಲಿ ಹೋದಳೇ ಎಂದು ಅವಳನ್ನೇ ಕೇಳಿ ತುಂಬಬೇಕಾದ ಕಾಲಂ ನಮ್ಮ ಯಾವ ನಮೂನೆಯಲ್ಲೂ ಇರಲಿಲ್ಲ. ಲೆಕ್ಕವೆಲ್ಲ ಮೇಲಕ್ಕೇ ಹೋಗುತ್ತಿತ್ತು: ಬೆಂಗಳೂರು, ದಿಲ್ಲಿ, ಅಲ್ಲಿಂದ ಕಡಲಾಚೆ.

ಹಾಗಾದರೆ ಊರಿನವರಿಗೇ ಲೆಕ್ಕ ಒಪ್ಪಿಸಿದರೆ? ಯುಗಾಂಡಾದಲ್ಲಿ ಅದನ್ನು ಮಾಡಿ ನೋಡಿದರು. 50 ಆರೋಗ್ಯ ಕೇಂದ್ರಗಳ ಅಧ್ಯಯನ ಅದು. ಗ್ರಾಮಸ್ಥರ ಮುಂದೆ ಕೇಂದ್ರದ ಸ್ಥಿತಿಗತಿ ಇಟ್ಟು, ಸಿಬ್ಬಂದಿಯೊಡನೆ ಕೂರಿಸಿ ಮಾತಾಡಿಸಿದ ಕಡೆ ಐದು ವರ್ಷದೊಳಗಿನ ಮಕ್ಕಳ ಸಾವು ಸುಮಾರು ಮೂರರಲ್ಲಿ ಒಂದು ಪಾಲು ಇಳಿಯಿತೆಂದು 2009ರಲ್ಲಿ ಪ್ರಕಟವಾಯಿತು. ಮುಂದೆ 376 ಕೇಂದ್ರಗಳಲ್ಲಿ ನಡೆದ ದೊಡ್ಡ ಅಧ್ಯಯನದಲ್ಲಿ ಸಾವು ಇಳಿಯಲಿಲ್ಲ. ನನಗೆ ಆಶ್ಚರ್ಯವಾಗಲಿಲ್ಲ. ಔಷಧವೇ ಬಾರದ ಕೇಂದ್ರದಲ್ಲಿ ನರ್ಸನ್ನು ಎಷ್ಟು ತರಾಟೆಗೆ ತೆಗೆದುಕೊಂಡರೇನು?

ಇನ್ನು ನಿಲ್ಲಿಸುವ ಮಾತು. 2025ರ ಜನವರಿಯಲ್ಲಿ ಅಮೆರಿಕ ವಿದೇಶಿ ನೆರವನ್ನು ಏಕಾಏಕಿ ತಡೆಹಿಡಿದಾಗ ಆಫ್ರಿಕಾದಲ್ಲಿ ಎಚ್‌ಐವಿ ಚಿಕಿತ್ಸಾಲಯಗಳೇ ಬಾಗಿಲು ಹಾಕಿದವು. ಕಮಿಷನ್ ತಿಂದವನ ಮನೆಯ ಒಲೆ ಅದರಿಂದ ಆರುವುದಿಲ್ಲ. ಖರೀದಿ ದರವನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಲಿ, ಲಂಚ ಕೊಟ್ಟ ಕಂಪನಿಯನ್ನು ಗುತ್ತಿಗೆಯಿಂದ ಹೊರಗಿಡಲಿ, ಕದ್ದದ್ದನ್ನು ವಸೂಲು ಮಾಡಲಿ. ಮಾತ್ರೆ ಮಾತ್ರ ಬೇರೆ ಕೈಯಿಂದಲಾದರೂ ಬರುತ್ತಿರಲಿ. ಜಾಂಬಿಯಾದ ಆರೋಗ್ಯ ಸಚಿವಾಲಯದ ಹಗರಣ 2009ರಲ್ಲಿ ಹೊರಬಿದ್ದ ಮೇಲೆ ಗ್ಲೋಬಲ್ ಫಂಡ್ ಮಾಡಿದ್ದು ಇದನ್ನೇ: ಸಚಿವಾಲಯದ ಕೈಯಲ್ಲಿದ್ದ ಅನುದಾನದ ಹೊಣೆಯನ್ನು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮಕ್ಕೆ ವಹಿಸಿತು.