ನಮ್ಮ ಹಾಡುಗಳು ಹುಟ್ಟಿದ್ದು ಯಾವತ್ತು?

ಕಟಪಾಡಿಯ ಓದುಗರೊಬ್ಬರು, ನಿವೃತ್ತ ಶಿಕ್ಷಕಿ, ಬರೆದ ಪತ್ರದ ಮುಖ್ಯ ಭಾಗ ಇದು:

“ನಿಮ್ಮ ಪತ್ರಿಕೆಯ ‘ಈ ತಿಂಗಳ ಹಾಡು’ ಪುಟವನ್ನು ತಪ್ಪದೆ ಓದುತ್ತೇನೆ. ಕಳೆದ ಸಂಚಿಕೆಯಲ್ಲಿ ಏಳು ಹಾಡುಗಳ ವಾರ್ಷಿಕೋತ್ಸವವನ್ನು ನೆನಪಿಸಿದ್ದೀರಿ. ಐದು ಇಂಗ್ಲಿಷಿನವು, ಎರಡು ಹಿಂದಿಯವು. ಮಂಗಳೂರಿನಲ್ಲಿ ಅಚ್ಚಾಗುವ ಪತ್ರಿಕೆಯಲ್ಲಿ ಕನ್ನಡ, ತುಳು, ಕೊಂಕಣಿಯ ಒಂದು ಹಾಡೂ ಇಲ್ಲ. ನಮ್ಮ ಹಾಡುಗಳು ಹುಟ್ಟಿಯೇ ಇಲ್ಲವೇ? ಇನ್ನೊಂದು ಪ್ರಶ್ನೆ. ಹಾಡು ಹುಟ್ಟಿದ ದಿನ ಎಂದರೆ ಯಾವುದು? ಧ್ವನಿಮುದ್ರಣವಾದ ದಿನವೇ, ಮಾರಾಟಕ್ಕೆ ಬಂದ ದಿನವೇ? ನನ್ನ ಅಣ್ಣ ರೇಡಿಯೊದಲ್ಲಿ ಬಂದ ಹಾಡುಗಳನ್ನು ಕ್ಯಾಸೆಟ್ಟಿಗೆ ತುಂಬಿಸಿ, ಒಳಗಿನ ಕಾಗದದ ಮೇಲೆ ಪೆನ್ಸಿಲಿನಲ್ಲಿ ತಾರೀಖು ಬರೆದಿಡುತ್ತಿದ್ದ. ನನ್ನ ಪಾಲಿಗೆ ಆ ಹಾಡುಗಳ ಹುಟ್ಟುಹಬ್ಬ ಅದೇ.”

ಮಾನ್ಯರೇ,

ನಿಮ್ಮ ಪತ್ರ ಬಂದ ದಿನ ಎರಡು ವರ್ಷಗಳ ಆ ಪುಟಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು ಕುಳಿತೆ. ನೀವು ಕಂಡ ಕೊರತೆ ಒಂದು ಸಂಚಿಕೆಯದ್ದು ಮಾತ್ರ ಆಗಿರಲಿಲ್ಲ. ಹೆಚ್ಚುಕಡಿಮೆ ಎಲ್ಲ ಸಂಚಿಕೆಗಳೂ ಹಾಗೆಯೇ ಇವೆ. ಆ ಪುಟವನ್ನು ಸಿದ್ಧಪಡಿಸುವವನು ನಾನು. ತಪ್ಪು ನನ್ನದೇ.

ಹೇಗಾಯಿತು ಎಂದು ಹೇಳುತ್ತೇನೆ. ತಾರೀಖು ಹುಡುಕಲು ಹೊರಟವನು ತಾರೀಖು ಸುಲಭವಾಗಿ ಸಿಕ್ಕುವ ಕಡೆಗೇ ಹೋದೆ. ಎಲ್ವಿಸ್ ಪ್ರೀಸ್ಲಿ ಮೆಂಫಿಸ್ ನಗರದ ಸನ್ ಸ್ಟುಡಿಯೊದಲ್ಲಿ ತನಗೆ ಹೆಸರು ತಂದ ಮೊದಲ ಹಾಡನ್ನು ಹಾಡಿದ್ದು 1954ರ ಜುಲೈ 5ರಂದು. ಬೀಟಲ್ಸ್ ತಂಡ ತನ್ನ ಮೊದಲ ಆಲ್ಬಮ್‌ಗಾಗಿ ಲಂಡನ್ನಿನಲ್ಲಿ ಒಂದೇ ದಿನ ಹತ್ತು ಹಾಡುಗಳನ್ನು ಮುಗಿಸಿದ್ದು 1963ರ ಫೆಬ್ರವರಿ 11ರಂದು. ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ, ಜನಪ್ರಿಯ ಹಾಡುಗಳ ‘ಹಾಟ್ 100’ ಪಟ್ಟಿ 1958ರ ಆಗಸ್ಟ್ 4ರಿಂದ ವಾರ ವಾರವೂ ಬರುತ್ತಿದೆ. ಅಲ್ಲಿ ಯಾರೋ ಲೆಕ್ಕ ಬರೆದಿಟ್ಟರು, ನಾನು ಇಲ್ಲಿ ಕುಳಿತು ನಕಲು ಮಾಡಿದೆ.

ನಮ್ಮ ದೇಶದಲ್ಲೂ ಇದೇ ಕಥೆ. 1902ರ ನವೆಂಬರ್‌ನಲ್ಲಿ ಗ್ರಾಮೊಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ದನಿಯನ್ನು ಮುದ್ರಿಸಿಕೊಂಡ. ಹಾಡು ಮುಗಿದ ಮೇಲೆ ಆಕೆ ‘ನನ್ನ ಹೆಸರು ಗೌಹರ್ ಜಾನ್’ ಎಂದು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ತಟ್ಟೆಗಳು ಅಚ್ಚಾಗುತ್ತಿದ್ದುದು ಜರ್ಮನಿಯಲ್ಲಿ. ಯಾರ ದನಿ ಎಂದು ಅಲ್ಲಿನ ಕೆಲಸಗಾರರಿಗೆ ತಿಳಿಯಬೇಕಿತ್ತು. ಕಂಪನಿಯ ಪುಸ್ತಕ ಉಳಿಯಿತು, ಆದ್ದರಿಂದ ಆ ತಿಂಗಳು ಉಳಿಯಿತು. ಅದೇ ಗೌಹರ್ ಜಾನ್ ಕೊನೆಗೆ ಮೈಸೂರು ಅರಮನೆಯ ಗಾಯಕಿಯಾಗಿ, 1930ರ ಜನವರಿ 17ರಂದು ಮೈಸೂರಿನಲ್ಲಿಯೇ ತೀರಿಕೊಂಡರು. ಜನವರಿಯ ಸಂಚಿಕೆಗಳಲ್ಲಿ ಎರಡು ವರ್ಷವೂ ಆ ದಿನವನ್ನು ನಾನು ಬಿಟ್ಟಿದ್ದೇನೆ. ಪುಟಗಳನ್ನು ತಿರುವಿ ಹಾಕುವಾಗ ಹೆಚ್ಚು ನೋವಾದದ್ದು ಇಲ್ಲಿ.

ಹಾಡು ಹುಟ್ಟಿದ ದಿನ ಯಾವುದು ಎಂಬ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಬಿಲ್ ಹೇಲಿ ತಂಡದ ‘ರಾಕ್ ಅರೌಂಡ್ ದ ಕ್ಲಾಕ್’ ಹಾಡನ್ನೇ ತೆಗೆದುಕೊಳ್ಳಿ. ಧ್ವನಿಮುದ್ರಣವಾದದ್ದು ನ್ಯೂಯಾರ್ಕಿನಲ್ಲಿ, 1954ರ ಏಪ್ರಿಲ್ 12ರಂದು. ಮರು ತಿಂಗಳು ತಟ್ಟೆ ಮಾರಾಟಕ್ಕೆ ಬಂದಾಗ ಅದಕ್ಕೆ ಸಿಕ್ಕಿದ್ದು ಹಿಂಬದಿಯ ಜಾಗ. ಮುಂಬದಿಯಲ್ಲಿ ಬೇರೆ ಹಾಡಿತ್ತು. ದೊಡ್ಡ ಸದ್ದೇನೂ ಆಗಲಿಲ್ಲ. 1955ರಲ್ಲಿ ಶಾಲೆಯ ಪುಂಡ ಹುಡುಗರ ಕಥೆಯ ಒಂದು ಚಲನಚಿತ್ರದ ಶೀರ್ಷಿಕೆಗಳ ಹಿಂದೆ ಅದೇ ಹಾಡು ಕೇಳಿಸಿತು. ಹುಡುಗರು ಕುಣಿದರು. ಆ ಜುಲೈ 9ರ ಬಿಲ್‌ಬೋರ್ಡ್‌ನ ಮಾರಾಟದ ಪಟ್ಟಿಯಲ್ಲಿ (‘ಹಾಟ್ 100’ ಇನ್ನೂ ಶುರುವಾಗಿರಲಿಲ್ಲ) ಅದು ಮೊದಲ ಸ್ಥಾನಕ್ಕೇರಿತು. ಒಂದು ಹಾಡಿಗೆ ಮೂರು ಹುಟ್ಟು. ನಾನು ನಮ್ಮ ಪುಟದಲ್ಲಿ ಹಾಕಿದ್ದು ಮೊದಲನೆಯದನ್ನು. ಈಗ ಕೇಳಿದರೆ ಮೂರನೆಯದನ್ನು ಹಾಕುತ್ತೇನೆ, ಏಕೆಂದರೆ ಸ್ಟುಡಿಯೊದವರ ಸ್ವತ್ತಾಗಿದ್ದ ಹಾಡು ಊರಿನವರದಾದ ದಿನ ಅದು. ಲಿಯೊನಾರ್ಡ್ ಕೊಹೆನ್ 1984ರಲ್ಲಿ ಹೊರತಂದ ‘ಹಲೆಲೂಯ’ದ ಕಥೆಯೂ ಇಂಥದ್ದೇ: ಜಾನ್ ಕೇಲ್ 1991ರಲ್ಲಿ, ಜೆಫ್ ಬಕ್ಲಿ 1994ರಲ್ಲಿ ಹಾಡಿದ ಮೇಲೆಯೇ ಅದು ನಿಧಾನವಾಗಿ ಲೋಕದ ಕಿವಿಗೆ ಬಿತ್ತು.

ಕನ್ನಡದಲ್ಲಿ ಇದಕ್ಕಿಂತ ದೊಡ್ಡ ಉದಾಹರಣೆ ಇದೆ. ರಾಜ್‌ಕುಮಾರ್ ರಂಗಭೂಮಿಯಿಂದಲೇ ಹಾಡುತ್ತ ಬಂದವರು. ಸಿನಿಮಾದಲ್ಲಿಯೂ ಆಗೊಮ್ಮೆ ಈಗೊಮ್ಮೆ ಹಾಡಿದ್ದರು. ಆದರೂ ತೆರೆಯ ಮೇಲೆ ಅವರ ಹಾಡಿನ ದನಿ ಎಂದರೆ ಪಿ.ಬಿ. ಶ್ರೀನಿವಾಸ್ ಎಂದು ನಾಡು ಒಪ್ಪಿಕೊಂಡಿತ್ತು. 1974ರ ‘ಸಂಪತ್ತಿಗೆ ಸವಾಲ್’ ಚಿತ್ರಕ್ಕೆ ಜಿ.ಕೆ. ವೆಂಕಟೇಶ್ ಸಂಗೀತದಲ್ಲಿ, ಚಿ. ಉದಯಶಂಕರ್ ಸಾಹಿತ್ಯದಲ್ಲಿ, ಎಮ್ಮೆಯ ಮೇಲೆ ಕುಳಿತ ನಾಯಕನಿಗೆ ರಾಜ್‌ಕುಮಾರ್ ತಾವೇ ‘ಯಾರೇ ಕೂಗಾಡಲಿ’ ಹಾಡಿದರು. ಅಲ್ಲಿಂದ ಮುಂದೆ ಅವರ ಹಾಡು ಅವರದೇ ಆಯಿತು. ಸುಮಾರು ಎರಡು ದಶಕಗಳ ನಂತರ ‘ಜೀವನ ಚೈತ್ರ’ದ ಹಾಡಿಗೆ ರಾಷ್ಟ್ರಪ್ರಶಸ್ತಿ ಬಂದದ್ದೂ ಗಾಯಕ ರಾಜ್‌ಕುಮಾರ್ ಅವರಿಗೆ. ಆ ಎಮ್ಮೆಯ ಹಾಡಿನ ಧ್ವನಿಮುದ್ರಣ ನಡೆದ ದಿನವನ್ನು ನಮ್ಮ ಪುಟ ಒಮ್ಮೆಯೂ ಹುಡುಕಲಿಲ್ಲ. ಬಂಟ್ವಾಳದ ಕಡೆಯ ಹಿರಿಯರು ‘ನೇತ್ರಾವತಿಯ ನೆರೆ ಬಂದ ವರ್ಷದ ಹಾಡು’ ಎಂದು ಅದನ್ನು ನೆನೆಯುವುದನ್ನು ನಾನೇ ಕೇಳಿದ್ದೇನೆ. 1974ರ ಆ ನೆರೆಯ ಗುರುತು ಗೋಡೆಗಳ ಮೇಲಿತ್ತು. ಹಾಡಿನ ಗುರುತು ಅದಕ್ಕೆ ಅಂಟಿಕೊಂಡು ಉಳಿಯಿತು. ನಿಮ್ಮ ಅಣ್ಣನವರ ಪೆನ್ಸಿಲ್ ಬರಹವೂ ಈ ಜಾತಿಯದೇ.

ಈಗ ನಮ್ಮ ಕರಾವಳಿಯ ಮಾತು. ಪಾಂಡೇಶ್ವರ ಕಾಳಿಂಗರಾಯರು 1914ರಲ್ಲಿ ಹುಟ್ಟಿದ್ದು ಬ್ರಹ್ಮಾವರದ ಬಳಿಯ ಆರೂರಿನಲ್ಲಿ. ಪುಸ್ತಕದಲ್ಲಿದ್ದ ಬೇಂದ್ರೆ, ಕುವೆಂಪು ಅವರ ಕವಿತೆಗಳನ್ನು ಸಾವಿರಾರು ಜನ ಸೇರುವ ಮೈದಾನಕ್ಕೆ ತಂದವರು ಅವರು. ಕನ್ನಡದ ಸುಗಮ ಸಂಗೀತ ಎಂಬ ಮನೆಗೆ ಬಾಗಿಲು ಇಟ್ಟವರು ಎಂದರೂ ಸರಿಯೇ. ಜೊತೆಗೆ ಹಾಡುತ್ತಿದ್ದ ಮೋಹನಕುಮಾರಿ, ಸೋಹನಕುಮಾರಿಯರನ್ನೂ ಮರೆಯಬಾರದು. ರಾಯರು 1981ರಲ್ಲಿ ತೀರಿಕೊಂಡರು. ಕೊಂಕಣಿಯಲ್ಲಿ ‘ಕೊಂಕಣ್ ಕೋಗುಳ್’ ಎಂದೇ ಜನ ಕರೆದ ವಿಲ್ಫಿ ರೆಬಿಂಬಸ್ ಇದ್ದರು. 2010ರ ಮಾರ್ಚ್ 9ರಂದು ಅವರು ಹೋದಾಗ ಮಂಗಳೂರಿನ ಎಷ್ಟೋ ಮನೆಗಳಲ್ಲಿ ಒಳಗಿನವರೊಬ್ಬರನ್ನು ಕಳೆದುಕೊಂಡ ದುಃಖವಿತ್ತು. ಸಜೀಪಮೂಡದ ನಾಗಸ್ವರದ ಮನೆತನದಿಂದ ಬಂದ ಕದ್ರಿ ಗೋಪಾಲನಾಥ್, ಮೈಸೂರಿನ ಬ್ಯಾಂಡ್‌ನಲ್ಲಿ ಕೇಳಿದ ಸ್ಯಾಕ್ಸೊಫೋನನ್ನು ಕರ್ನಾಟಕ ಸಂಗೀತದ ಗಮಕಕ್ಕೆ ಒಗ್ಗಿಸಿ, 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವದ ವೇದಿಕೆಯಲ್ಲಿ ನುಡಿಸಿದರು. ಶಕ್ತಿನಗರದ ಕಲಾಂಗಣದಲ್ಲಿ 2008ರ ಜನವರಿ 26 ಮತ್ತು 27ರಂದು ಮಾಂಡ್ ಸೊಭಾಣ್ ಸಂಸ್ಥೆ 40 ಗಂಟೆ ಕಾಲ ಎಡೆಬಿಡದೆ ಕೊಂಕಣಿ ಹಾಡುಗಳನ್ನು ಹಾಡಿಸಿ ಗಿನ್ನೆಸ್ ದಾಖಲೆ ಮಾಡಿತು. ಈ ತಾರೀಖುಗಳನ್ನು ಹುಡುಕಲು ನನಗೆ ಒಂದು ಮಧ್ಯಾಹ್ನ ಸಾಕಾಯಿತು. ಎರಡು ವರ್ಷ ಆ ಮಧ್ಯಾಹ್ನವನ್ನು ಕೊಡದೇ ಇದ್ದೆ.

ಆದರೆ ಗಮನಿಸಿ, ಇವು ಬಹುಪಾಲು ವ್ಯಕ್ತಿಗಳ ಮತ್ತು ಸಮಾರಂಭಗಳ ತಾರೀಖುಗಳು. ಹಾಡುಗಳ ತಾರೀಖು ಕೇಳಿದರೆ ದಾರಿ ಕಡಿದಾಗುತ್ತದೆ. ನಿಸಾರ್ ಅಹಮದ್ ಅವರ ‘ನಿತ್ಯೋತ್ಸವ’ ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ 1978ರಲ್ಲಿ ಕ್ಯಾಸೆಟ್ ಆಗಿ ಬಂತು, ಭಾವಗೀತೆಗಳು ಮನೆಮನೆಗೆ ಹೊಕ್ಕವು. ಅದು ಎಲ್ಲರಿಗೂ ನೆನಪಿದೆ. ಅದರ ಬೆನ್ನಿಗೆ ಬಂದ ನಮ್ಮೂರಿನ ತುಳು, ಕೊಂಕಣಿ ಕ್ಯಾಸೆಟ್‌ಗಳನ್ನು ತೆಗೆದು ನೋಡಿ. ನನ್ನ ಕಪಾಟಿನಲ್ಲಿರುವ ಮೂವತ್ತು ಚಿಲ್ಲರೆ ಕ್ಯಾಸೆಟ್‌ಗಳಲ್ಲಿ ಎರಡೂ ಬದಿಯ ಹಾಡುಗಳ ಪಟ್ಟಿ ಇದೆ, ಗಾಯಕರ ಭಾವಚಿತ್ರ ಇದೆ, ಬೆಲೆ ಇದೆ. ವರ್ಷ ಇರುವುದು ಆರರಲ್ಲಿ ಮಾತ್ರ. ಕಾರ್ಕಳದ ಕಡೆ ಹೋಗುವ ಬಸ್ಸಿನಲ್ಲಿ ಒಂದು ಕಾಲದಲ್ಲಿ ದಿನಕ್ಕೆ ಎಂಟು ಸಲ ತಿರುಗಿದ ಹಾಡು ಯಾವ ವರ್ಷದ್ದು ಎಂದು ಕ್ಯಾಸೆಟ್ ನೋಡಿ ಹೇಳಲಾಗುವುದಿಲ್ಲ. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ ತಂದ ದಿನವನ್ನು ಇಂದಿಗೂ ಪತ್ರಿಕಾ ದಿನವಾಗಿ ಆಚರಿಸುತ್ತೇವೆ. ಹಾಳೆಯ ಮೇಲೆ ತಾರೀಖು ಅಚ್ಚು ಹಾಕುವ ಅಭ್ಯಾಸ ನಮ್ಮ ಊರಿಗೆ ಅಷ್ಟು ಹಳೆಯದು. ಹಾಡಿನ ವಿಷಯಕ್ಕೆ ಬಂದಾಗ ಮಾತ್ರ ಕೈಬಿಟ್ಟೆವು.

ಹಾಗಾಗಿ ಈ ಪುಟದ ಕೆಲಸ ಬದಲಾಗಲಿದೆ. ಬರುವ ಡಿಸೆಂಬರ್ 11ಕ್ಕೆ ಮಂಗಳೂರು ಆಕಾಶವಾಣಿಗೆ 50 ವರ್ಷ ತುಂಬುತ್ತದೆ. ಅದು 1976ರಲ್ಲಿ ಆರಂಭವಾಯಿತು. ಅದೇ ತಿಂಗಳ 29ಕ್ಕೆ ‘ಮುಂಗಾರು ಮಳೆ’ಗೆ 20 ವರ್ಷ. ಎರಡನೆಯದನ್ನು ಎಲ್ಲರೂ ಬರೆಯುತ್ತಾರೆ, ಬರೆಯಲಿ. ಮನೋಮೂರ್ತಿಯವರ ರಾಗಗಳೂ ಜಯಂತ ಕಾಯ್ಕಿಣಿಯವರ ಸಾಲುಗಳೂ ಅದಕ್ಕೆ ಅರ್ಹ. ನಮ್ಮ ಡಿಸೆಂಬರ್ ಸಂಚಿಕೆ ಮೊದಲನೆಯದರ ಸುತ್ತ ಇರುತ್ತದೆ. ಸ್ಟುಡಿಯೊ ಕದ್ರಿಯ ಗುಡ್ಡದಲ್ಲಿ, ಪ್ರಸಾರದ ಗೋಪುರ ಬ್ರಹ್ಮಾವರದಲ್ಲಿ, ಅಂದರೆ ಕಾಳಿಂಗರಾಯರ ಆರೂರಿನ ಪಕ್ಕದಲ್ಲಿ. ಸಿಲೋನ್, ಧಾರವಾಡ, ಭದ್ರಾವತಿ ಎಂದು ಮುಳ್ಳು ತಿರುಗಿಸುತ್ತಿದ್ದ ಮನೆಗಳಿಗೆ ತಮ್ಮದೇ ತುಳು, ಕೊಂಕಣಿ ರೇಡಿಯೊದಿಂದ ಕೇಳಿಸತೊಡಗಿದ ಆ ದಿನಗಳ ನೆನಪು ನಮಗೆ ಬೇಕು. ಹಾಡು, ಜಾಗ, ಸಾಧ್ಯವಾದರೆ ದಿನ.

ನೆನಪಿನ ಜೊತೆಗೆ ವಸ್ತುಗಳನ್ನೂ ಹುಡುಕಿ. ಹಳೆಯ 78 ಆರ್‌ಪಿಎಂ ತಟ್ಟೆ ಇದ್ದರೆ, ಗೆರೆಗಳು ಮುಗಿದು ಲೇಬಲ್ ಶುರುವಾಗುವ ನಡುವಿನ ಖಾಲಿ ಜಾಗವನ್ನು ಬೆಳಕಿಗೆ ಹಿಡಿದು ನೋಡಿ; ಅಲ್ಲಿ ಕೊರೆದ ಸಂಖ್ಯೆಯಿಂದ ಮುದ್ರಣದ ಕಾಲವನ್ನು ಅಂದಾಜು ಮಾಡಬಹುದು. ಅಂಥ ತಟ್ಟೆಗಳು ಅರಗಿನವು, ಬಿಸಿಲಿಗೆ ಬಾಗುತ್ತವೆ, ಬಿದ್ದರೆ ಒಡೆಯುತ್ತವೆ; ಒಂದರ ಮೇಲೊಂದು ಪೇರಿಸದೆ ನೆಟ್ಟಗೆ ನಿಲ್ಲಿಸಿಡಿ. ಕ್ಯಾಸೆಟ್ಟಿಗೆ ನಮ್ಮ ಮಳೆಗಾಲವೇ ದೊಡ್ಡ ಶತ್ರು. ಕಿಟಕಿಯಿಂದ ಕಾಣುವ ಟೇಪಿನ ಸುರುಳಿಯ ಮೇಲೆ ಬಿಳಿ ಪುಡಿಯಂತೆ ಬೂಷ್ಟು ಕಂಡರೆ ದಯವಿಟ್ಟು ಅದನ್ನು ನುಡಿಸಿ ನೋಡಬೇಡಿ. ಬೂಷ್ಟು ಯಂತ್ರದ ಹೆಡ್ಡಿಗೆ ಮೆತ್ತಿಕೊಂಡು, ಮುಂದೆ ಹಾಕುವ ಒಳ್ಳೆಯ ಕ್ಯಾಸೆಟ್ಟಿಗೂ ದಾಟುತ್ತದೆ. ಅಂಟಿಕೊಂಡ ಟೇಪು ಹರಿಯಲೂಬಹುದು. ಮುಚ್ಚಳದ ಕಾಗದವನ್ನು ಹೊರತೆಗೆದು ಅದರ ಎರಡೂ ಬದಿಯ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು ಕಳುಹಿಸಿದರೆ ಸದ್ಯಕ್ಕೆ ಅಷ್ಟು ಸಾಕು.

ನಿಮ್ಮಲ್ಲಿ ಒಂದು ಕೋರಿಕೆ. ಅಣ್ಣನವರ ಕ್ಯಾಸೆಟ್‌ಗಳು ಇನ್ನೂ ಮನೆಯಲ್ಲಿವೆಯೇ? ಪೆನ್ಸಿಲಿನ ಗುರುತು ಮಾಸಿದ್ದರೂ ಕಾಗದವನ್ನು ಓರೆಯಾಗಿ ಬೆಳಕಿಗೆ ಹಿಡಿದರೆ ಒತ್ತಿದ ಗೆರೆ ಕಾಣುತ್ತದೆ. ಓದಲು ಬಂದರೆ ಬರೆದು ಕಳುಹಿಸಿ. ಮುಂದಿನ ಸಂಚಿಕೆಯಲ್ಲಿ ಆ ಪುಟದ ಮೊದಲ ಸಾಲಿನ ಜಾಗವನ್ನು ಆ ತಾರೀಖಿಗಾಗಿ ಖಾಲಿ ಇಟ್ಟಿದ್ದೇನೆ.

— ಸಂಪಾದಕ