ಪಿಯೋನಿಗೆ ಕಂಬಳಿ ಹೊದಿಸಬೇಡಿ

ಜೂನ್ ಬಂತೆಂದರೆ ನನಗೆ ಬರುವ ಪತ್ರಗಳಲ್ಲೆಲ್ಲ ಒಂದೇ ಅಳಲು: ಪಕ್ಕದ ಮನೆಯ ಪಿಯೋನಿ, ಚಳಿ ನಾಡಿನ ಆ ದೊಡ್ಡ ಹೂವಿನ ಗಿಡ, ಹೂವಿನ ಭಾರಕ್ಕೆ ಬಗ್ಗಿದೆ, ನಮ್ಮದರಲ್ಲಿ ಬರೀ ಸೊಪ್ಪು. ಹೋದ ವರ್ಷವೂ ಉತ್ತರ ಬರೆದಿದ್ದೆ, ಅದರ ಹಿಂದಿನ ವರ್ಷವೂ. ಯಾರೂ ಓದಿದ ಹಾಗಿಲ್ಲ. ಈ ಸಲ ಉದ್ದಕ್ಕೆ ಬರೆಯುತ್ತೇನೆ, ಬೇಕಾದರೆ ಫ್ರಿಜ್ ಬಾಗಿಲಿಗೆ ಅಂಟಿಸಿಕೊಳ್ಳಿ. ಗುಂಡಿ ತೋಡುವುದು, ನೀರು ಹಾಕುವುದು ಇತ್ಯಾದಿ ಹೇಳುವುದಿಲ್ಲ. ಅಷ್ಟೂ ಗೊತ್ತಿಲ್ಲದವರು ಒಂದು ವರ್ಷ ಚೆಂಡುಹೂವು ಬೆಳೆಸಿ ಆಮೇಲೆ ಬನ್ನಿ.

ಪ್ರಶ್ನೆ: ಅಮೆರಿಕದ ಮಿಷಿಗನ್‌ನಲ್ಲಿ, ಡೆಟ್ರಾಯಿಟ್ ಹತ್ತಿರ ಇದ್ದೇವೆ. ನಾಲ್ಕು ವರ್ಷದ ಹಿಂದೆ ಶಿರಸಿಯಿಂದ ಬಂದಿದ್ದ ಅತ್ತೆ ಮನೆಯ ಮುಂದೆ ಪಿಯೋನಿ ಗೆಡ್ಡೆ ನೆಟ್ಟರು. ಚಳಿಗೆ ಸಾಯದಿರಲಿ ಎಂದು ಅರ್ಧ ಗೇಣು ಆಳಕ್ಕೆ ಇಟ್ಟಿದ್ದರು. ನಾವೂ ಪ್ರತಿ ನವೆಂಬರ್‌ನಲ್ಲಿ ಬುಡಕ್ಕೆ ದಪ್ಪಗೆ ಮಲ್ಚ್ (ತೊಗಟೆ ಚೂರಿನ ಹೊದಿಕೆ) ಹೊದಿಸುತ್ತೇವೆ. ಎಪ್ಸಮ್ ಸಾಲ್ಟ್ ಹಾಕಿದೆವು, ಬಾಳೆಹಣ್ಣಿನ ಸಿಪ್ಪೆ ಹೂತೆವು. ಎಲೆ ಸೊಂಪಾಗಿದೆ, ಒಂದು ಮೊಗ್ಗೂ ಇಲ್ಲ. ಯಾವ ಗೊಬ್ಬರ ಹಾಕಬೇಕು?

ಯಾವುದೂ ಬೇಡ. ಕಾಯಿಲೆ ಏನೆಂದು ನೀವೇ ಬರೆದಿದ್ದೀರಿ, ಆದರೂ ಔಷಧಿ ಕೇಳುತ್ತಿದ್ದೀರಿ.

ನಿಮ್ಮ ಅತ್ತೆ ನೆಟ್ಟದ್ದು ಡೇರೆ (ಡೇಲಿಯಾ) ಗೆಡ್ಡೆ ನೆಡುವ ಕ್ರಮದಲ್ಲಿ. ನಾನೂ ಆ ಕಡೆಯವಳೇ. ಮಳೆಗಾಲ ಹಿಡಿಯುವ ಮೊದಲು ಅಂಗಳದಲ್ಲಿ ಡೇರೆ ಹೂಳುವುದನ್ನು ನೋಡುತ್ತಲೇ ಬೆಳೆದಿದ್ದೇನೆ. ಗೆಡ್ಡೆ ಎಂದ ಮೇಲೆ ಆಳಕ್ಕೆ ಹೋಗಬೇಕು ಎಂಬುದು ನಮ್ಮ ಕೈಗೆ ಅಂಟಿದ ಅಭ್ಯಾಸ. ಡೇರೆಗೆ ಅದು ಸರಿ. ಪಿಯೋನಿ ಬೇರೆ ಜಾತಿ. ಮಿಷಿಗನ್‌ನ ಚಳಿಗೆ ಡೇರೆ ಗೆಡ್ಡೆ ಕೊಳೆತು ಹೋಗುತ್ತದೆ, ಪಿಯೋನಿಗೆ ಆ ಚಳಿಯೇ ಊಟ. ಅದರ ಬುಡದಲ್ಲಿ ಶುಂಠಿಗೋ ಕಬ್ಬಿಗೋ ಇರುವಂಥ ಕಣ್ಣುಗಳಿರುತ್ತವೆ. ಬರುವ ವರ್ಷದ ಹೂವೆಲ್ಲ ಆ ಕಣ್ಣುಗಳೊಳಗೇ ಇರುತ್ತದೆ. ಅವುಗಳಿಗೆ ವಾರಗಟ್ಟಲೆ ಕೊರೆಯುವ ತಂಪು ತಾಗಬೇಕು. ನೀವು ಅರ್ಧ ಗೇಣು ಮಣ್ಣು ಹಾಕಿ, ಸಾಲದ್ದಕ್ಕೆ ಮೇಲೆ ಕಂಬಳಿಯನ್ನೂ ಹೊದಿಸಿ ಅದನ್ನು ಬೆಚ್ಚಗೆ ಮಲಗಿಸಿದ್ದೀರಿ.

ಲೆಕ್ಕ ಇಷ್ಟೇ: ಕಣ್ಣಿನ ಮೇಲೆ ಒಂದರಿಂದ ಎರಡು ಅಂಗುಲ ಮಣ್ಣು. ಹೆಬ್ಬೆರಳನ್ನು ಮಣ್ಣಿಗೆ ಊರಿದರೆ ಮೊದಲ ಗೆಣ್ಣು ಮುಳುಗುವಷ್ಟರಲ್ಲಿ ಕಣ್ಣು ಸಿಗಬೇಕು. ಅಮೆರಿಕದ ದಕ್ಷಿಣದ ಜಾರ್ಜಿಯಾದಂಥ ಸೆಕೆಯ ಕಡೆ ಇದ್ದರೆ ಅರ್ಧ ಅಂಗುಲವೇ ಹೆಚ್ಚು.

ಇದನ್ನು ಪುಸ್ತಕ ನೋಡಿ ಹೇಳುತ್ತಿಲ್ಲ. ತೋಟಗಾರಿಕೆಯಲ್ಲೇ ಡಿಗ್ರಿ ಮಾಡಿದ ನಾನು ಈ ಮನೆಗೆ ಬಂದ ಮೇಲೆ ಮೂರು ವರ್ಷ ಪೆದ್ದಳಾಗಿದ್ದೆ. ಹುಲ್ಲು ಕತ್ತರಿಸಲು ಬರುತ್ತಿದ್ದವನು ಪ್ರತಿ ವಸಂತದಲ್ಲಿ ಹಳೆಯದನ್ನು ತೆಗೆಯದೆ ಅದರ ಮೇಲೇ ಹೊಸ ಮಲ್ಚ್ ಸುರಿದು ಹೋಗುತ್ತಿದ್ದ. ಕಪ್ಪಗೆ ಚೆಂದ ಕಾಣುತ್ತದಲ್ಲ, ನಾನೂ ಸುಮ್ಮನಿದ್ದೆ. ಒಂದು ಏಪ್ರಿಲ್ ಬೆಳಿಗ್ಗೆ ಮಂಡಿಯೂರಿ ಕೂತು ಕೈಯಲ್ಲೇ ಕೆರೆಯುತ್ತಾ ಹೋದೆ. ಮುಂಗೈ ಅರ್ಧ ಒಳಗೆ ಹೋದರೂ ತೊಗಟೆಯ ಚೂರೇ ಸಿಗುತ್ತಿತ್ತು. ಅದರಡಿ ಒದ್ದೆ ಮಣ್ಣಿನಲ್ಲಿ, ಕೆಂಪು ಹರಿವೆ ದಂಟಿನ ಬಣ್ಣದ ಐದು ಮೊಳಕೆಗಳು ಬೆಳಕು ಹುಡುಕುತ್ತಾ ಸೊಟ್ಟಗೆ ತಿರುಗಿದ್ದವು. ಆ ವರ್ಷ ಹೂ ಬರಲಿಲ್ಲ. ಮುಂದಿನ ಜೂನ್‌ನಲ್ಲಿ ಏಳು ಬಂದವು.

ನೀವು ಈಗ ಮಾಡಬೇಕಾದದ್ದು: ಮಲ್ಚ್ ಬುಡದಿಂದ ಸರಿಸಿ, ಗಿಡ ಮುಟ್ಟಬೇಡಿ. ಬೇಸಿಗೆಯಲ್ಲಿ ಅಗೆದು ಆ ಮೇಲೆ ನನಗೆ ಪತ್ರ ಬರೆಯಬೇಡಿ. ಎಲೆಗಳನ್ನೂ ಕತ್ತರಿಸಬೇಡಿ, ಬರುವ ವರ್ಷದ ಕಣ್ಣು ಕಟ್ಟುವುದು ಈ ಎಲೆಗಳ ದುಡಿಮೆಯಿಂದ. ಸೆಪ್ಟೆಂಬರ್ ಕೊನೆಗೆ ಅಗಲವಾಗಿ ಅಗೆದು ಬುಡ ಎತ್ತಿ. ಹಸಿ ಬೇರು ಹಸಿ ಗೆಣಸಿನಂತೆ ಪಟ್ಟೆಂದು ಮುರಿಯುತ್ತದೆ, ಅದಕ್ಕೆ ಒಂದೆರಡು ಗಂಟೆ ನೆರಳಿನಲ್ಲಿಟ್ಟು ಬಾಡಿಸಿ. ಮಣ್ಣು ತೊಳೆದು, ಹೆಬ್ಬೆರಳ ಲೆಕ್ಕಕ್ಕೆ ಮತ್ತೆ ನೆಡಿ. ಗುಂಡಿಯ ತಳದ ಸಡಿಲ ಮಣ್ಣನ್ನು ಮೊದಲೇ ತುಳಿದು ಗಟ್ಟಿ ಮಾಡಿ, ಇಲ್ಲವಾದರೆ ಮಳೆಗೆ ಕುಸಿದು ಗಿಡ ತಾನೇ ಆಳಕ್ಕೆ ಇಳಿಯುತ್ತದೆ. ಆಮೇಲೆ ಒಂದೆರಡು ವರ್ಷ ಅದು ಮುನಿಸಿಕೊಂಡಿರುತ್ತದೆ. ಇರಲಿ ಬಿಡಿ.

ಆಳ ಸರಿಯಿದ್ದೂ ಹೂ ಬಾರದವರು ಬಗ್ಗಿ ನೋಡಿ. ಬಟಾಣಿ ಕಾಳಿನಷ್ಟು ಮೊಗ್ಗು ಬಂದು ಕಪ್ಪಗಾಗಿ ನಿಂತಿದೆಯೇ? ಹಾಗಿದ್ದರೆ ತಡವಾಗಿ ಬಿದ್ದ ಹಿಮವೋ ಬಾಟ್ರೈಟಿಸ್ ಎಂಬ ಬೂಷ್ಟೋ ಕಾರಣ. ಬೂಷ್ಟಾದರೆ ಆ ದಂಟನ್ನು ಕತ್ತರಿಸಿ ಕಸದ ಡಬ್ಬಿಗೆ ಹಾಕಿ. ಶರತ್ಕಾಲದಲ್ಲಿ ಹಿಮಕ್ಕೆ ಕಪ್ಪಾದ ದಂಟುಗಳಿಗೂ ಅದೇ ಗತಿ, ಕಾಂಪೋಸ್ಟ್ ಗುಂಡಿಗೆ ಮಾತ್ರ ಬೇಡ. ಮೊಗ್ಗೇ ಇಲ್ಲವೆಂದರೆ ಬಿಸಿಲು ಲೆಕ್ಕ ಹಾಕಿ. ಆರು ಗಂಟೆ ಬೇಕು. ಹತ್ತು ವರ್ಷದ ಹಿಂದೆ ಬಿಸಿಲಿದ್ದ ಜಾಗದಲ್ಲಿ ಈಗ ಮೇಪಲ್ ಮರ ಛತ್ರಿ ಹಿಡಿದು ನಿಂತಿರಬಹುದು. ಇನ್ನೊಂದು, ಲಾನ್‌ಗೆ ಎರಚುವ ಗೊಬ್ಬರ. ಚೀಲದ ಮೇಲಿನ ಮೂರು ಅಂಕಿಗಳಲ್ಲಿ ಮೊದಲನೆಯದು ಸಾರಜನಕ, ಅದು ಹುಲ್ಲಿಗೆ. ನಾಲ್ಕು ಕಾಳು ಪಿಯೋನಿ ಬುಡಕ್ಕೆ ಬಿದ್ದರೆ ಅದೂ ತನ್ನನ್ನು ಹುಲ್ಲೆಂದೇ ತಿಳಿದು ಎಲೆ ಬಿಡುತ್ತದೆ.

ಎಪ್ಸಮ್ ಸಾಲ್ಟ್ ಎಂದರೆ ಮೆಗ್ನೀಷಿಯಂ ಸಲ್ಫೇಟ್. ನಿಮ್ಮ ಮಣ್ಣಿನಲ್ಲಿ ಮೆಗ್ನೀಷಿಯಂ ಕಡಿಮೆ ಇದೆಯೆಂದು ಯಾರು ಹೇಳಿದರು? ಪರೀಕ್ಷೆ ಮಾಡಿಸದೆ ಉಪ್ಪು ಸುರಿಯುವುದು, ಜ್ವರ ನೋಡದೆ ಮಾತ್ರೆ ನುಂಗಿದ ಹಾಗೆ. ಬಾಳೆಸಿಪ್ಪೆಗೆ ಕಸ ಕೆದಕುವ ರಕೂನ್ ಎಂಬ ಪ್ರಾಣಿ ಬರುತ್ತದೆ, ಹೂ ಬರುವುದಿಲ್ಲ.

ಪ್ರಶ್ನೆ: ಮೊಗ್ಗಿನ ತುಂಬ ಇರುವೆ. ಔಷಧಿ ಹೊಡೆಯಬೇಕೇ? ಇರುವೆ ಕಚ್ಚಿದರೇನೇ ಮೊಗ್ಗು ಬಿರಿಯುವುದು ಎನ್ನುತ್ತಾರಲ್ಲ?

ಎರಡೂ ಸುಳ್ಳು. ಮೊಗ್ಗಿನ ಹೊರಗೆ ಸಿಹಿ ರಸ ಜಿನುಗುತ್ತದೆ, ಇರುವೆ ಅದನ್ನು ನೆಕ್ಕಲು ಬರುತ್ತದೆ. ಸುಮ್ಮನಿರಿ.

ಪ್ರಶ್ನೆ: ಬೆಂಗಳೂರಿನಲ್ಲಿ ಆನ್‌ಲೈನ್‌ನಿಂದ ನೀಲಿ ಪಿಯೋನಿ ಬೀಜ ತರಿಸಿದ್ದೇನೆ. ಕುಂಡಕ್ಕೆ ದಿನಾ ಐಸ್ ಹಾಕಿದರೆ ಹೂ ಬಿಡುತ್ತದೆಯೇ?

ನೀಲಿ ಪಿಯೋನಿ ಎಂಬುದು ಭೂಮಿಯ ಮೇಲೆ ಇಲ್ಲ. ಇದ್ದದ್ದು ಫೋಟೊಗೆ ಬಣ್ಣ ಬಳಿದವನ ಕಂಪ್ಯೂಟರಿನಲ್ಲಿ. ನಿಜವಾದ ಪಿಯೋನಿ ಬೀಜವಾದರೂ ಮೊಳಕೆ ಮೇಲೆ ಕಾಣಲು ಸಾಮಾನ್ಯವಾಗಿ ಎರಡು ಚಳಿಗಾಲ ಬೇಕು, ಹೂವಿಗೆ ಇನ್ನೂ ನಾಲ್ಕೈದು ವರ್ಷ. ಬೆಂಗಳೂರಿನ ಜನವರಿ ರಾತ್ರಿ 15 ಡಿಗ್ರಿ ಆಸುಪಾಸು ಇರುತ್ತದೆ. ಪಿಯೋನಿಯ ಭಾಷೆಯಲ್ಲಿ ಅದು ಬೇಸಿಗೆ. ಭಾರತದಲ್ಲಿ ತಾನಾಗಿ ಬೆಳೆಯುವ ಪಿಯೋನಿ ಇದೆ, ಆದರೆ ಕಾಶ್ಮೀರ, ಹಿಮಾಚಲ, ಉತ್ತರಾಖಂಡದ ಬೆಟ್ಟಗಳಲ್ಲಿ. ಐಸನ್ನು ಪಾನಕಕ್ಕೆ ಹಾಕಿಕೊಂಡು ಕುಡಿಯಿರಿ, ಕುಂಡದಲ್ಲಿ ದಾಸವಾಳ ಇಡಿ.

ಪ್ರಶ್ನೆ: ಅದೇ ಪಿಯೋನಿ ಬೇರನ್ನು ದಾರಕ್ಕೆ ಕಟ್ಟಿ ಮಗುವಿನ ಕೊರಳಿಗೆ ಹಾಕಿದರೆ ಮೂರ್ಛೆರೋಗ ವಾಸಿಯಾಗುತ್ತದೆಂದು ಪರಿಚಯದವರು ಕೊಟ್ಟಿದ್ದಾರೆ.

ಇದು ಎರಡನೇ ಶತಮಾನದಲ್ಲಿ ಗ್ಯಾಲನ್ ಎಂಬ ಗ್ರೀಕ್ ವೈದ್ಯ ಬರೆದಿಟ್ಟ ಕಥೆ. ಆಗ ಅವನಿಗೆ ಬೇರೆ ಮಾರ್ಗ ಇರಲಿಲ್ಲ, ನಿಮಗೆ ಇದೆ. ನಾಳೆಯೇ ನರರೋಗ ತಜ್ಞರ ಹತ್ತಿರ ಹೋಗಿ, ಕೊಟ್ಟ ಮಾತ್ರೆಯನ್ನು ಒಂದು ದಿನವೂ ನಿಲ್ಲಿಸಬೇಡಿ. ಆ ದಾರವನ್ನು ಇವತ್ತೇ ಬಿಚ್ಚಿ, ಮಗು ಬೇರನ್ನು ಬಾಯಿಗೆ ಹಾಕಿಕೊಂಡೀತು, ಅದು ಹೊಟ್ಟೆಗೆ ಒಳ್ಳೆಯದಲ್ಲ.

ಪ್ರಶ್ನೆ: ಮೊದಲ ಸಲ ಕೊಳ್ಳುವವರು ಯಾವ ಜಾತಿ ಆರಿಸಬೇಕು?

ಕ್ಯಾಟಲಾಗಿನ ಫೋಟೊ ನೋಡಿ ಆರಿಸಬೇಡಿ, ಅದರಲ್ಲಿ ಮಳೆ ಇರುವುದಿಲ್ಲ. ದೊಡ್ಡ ಮುದ್ದೆ ಹೂವುಗಳೆಲ್ಲ ಒಂದು ಜೋರು ಮಳೆಗೆ ನೀರು ಕುಡಿದು ನೆಲಕ್ಕೆ ಬೀಳುತ್ತವೆ. 1906ರ ಸಾರಾ ಬರ್ನಾರ್ಡ್ ತಿಳಿಗುಲಾಬಿ, ಅಂಗಡಿಗಳಲ್ಲೆಲ್ಲ ಅದೇ ಇರುತ್ತದೆ. ಚೆಲುವೆ ಹೌದು, ಬೆನ್ನುಮೂಳೆ ಇಲ್ಲ. ಏಪ್ರಿಲ್‌ನಲ್ಲೇ ಕಂಬಿಯ ಬಳೆ ಹಾಕಿಡದಿದ್ದರೆ ನಿಲ್ಲುವುದಿಲ್ಲ. ಬಿಳಿ ಬೇಕೆನ್ನುವವರಿಗೆ ಫೆಸ್ಟಿವಾ ಮ್ಯಾಕ್ಸಿಮಾ. 1851ರದ್ದು, ಬಿಳಿ ಎಸಳಿನ ನಡುವೆ ಅಲ್ಲಲ್ಲಿ ಕುಂಕುಮ ಚಿಮುಕಿಸಿದ ಹಾಗಿರುತ್ತದೆ. ಪೂಜೆಗೆ ನಾನು ಕೊಯ್ಯುವುದು ಇದನ್ನೇ, ಪರಿಮಳವೂ ಇದೆ.

ದುಡ್ಡಿದ್ದರೆ ಇಟೊ ಜಾತಿ ಕೊಳ್ಳಿ. ದಂಟು ಗಟ್ಟಿ, ಬಗ್ಗುವುದಿಲ್ಲ, ಹಳದಿ ಬಣ್ಣವೂ ಸಿಗುತ್ತದೆ. ಟೋಕಿಯೊದ ತೊಯಿಚಿ ಇಟೊ 1948ರಲ್ಲಿ ಮರದಂತೆ ಗಟ್ಟಿ ಕೊಂಬೆಯಿರುವ ಮರದ ಪಿಯೋನಿಯನ್ನೂ, ನಾವು ಇಲ್ಲಿಯವರೆಗೆ ಮಾತಾಡಿದ ಗಿಡದ ಪಿಯೋನಿಯನ್ನೂ ಕೂಡಿಸಿ ಸಸಿ ಪಡೆದರು. 1956ರಲ್ಲಿ ತೀರಿಕೊಂಡರು. ಸಸಿಗಳು ಹೂ ಬಿಟ್ಟದ್ದು ಆ ಮೇಲೆ. ನಾಲ್ಕು ವರ್ಷಕ್ಕೇ ನನಗೆ ಪತ್ರ ಬರೆಯುವವರು ಆತನನ್ನು ಒಮ್ಮೆ ನೆನೆಯಲಿ. ಮರದ ಪಿಯೋನಿ ಕೊಂಡರೆ ಮಾತ್ರ ಆಳದ ಬಗ್ಗೆ ಮೇಲೆ ಹೇಳಿದ್ದೆಲ್ಲ ತಲೆಕೆಳಗು: ಕಸಿ ಮಾಡಿದ ಗಂಟು ನಾಲ್ಕರಿಂದ ಆರು ಅಂಗುಲ ಒಳಗಿರಬೇಕು. ಅತ್ತೆಯ ಕೈಗೆ ಅದನ್ನು ಕೊಡಿ.

ಮಿಷಿಗನ್‌ನವರು ಕೊಳ್ಳುವ ಮೊದಲು ಆನ್ ಆರ್ಬರ್‌ನ ನಿಕೋಲ್ಸ್ ಆರ್ಬೊರೇಟಂ ಎಂಬ ಸಸ್ಯೋದ್ಯಾನಕ್ಕೆ ಹೋಗಿ ಬನ್ನಿ. 1927ರಿಂದ ಜನ ನೋಡುತ್ತಿರುವ ಪಿಯೋನಿ ತೋಟ. ಮಳೆ ಬಂದ ಮರುದಿನವೇ ಹೋಗಿ. ನಿಂತಿರುವ ಗಿಡದ ಹೆಸರು ಬರೆದುಕೊಳ್ಳಿ.

ಪ್ರಶ್ನೆ: ಹೈಡ್ರೇಂಜಿಯ ನೀಲಿಯಾಗಲು ತುಕ್ಕು ಮೊಳೆ ಹೂತಿದ್ದೇವೆ.

ಬಣ್ಣ ಕೊಡುವುದು ಅಲ್ಯುಮಿನಿಯಂ, ಕಬ್ಬಿಣವಲ್ಲ. ಅದೂ ಹುಳಿ ಮಣ್ಣಿನಲ್ಲಿ ಮಾತ್ರ. ಮೊಳೆ ತೆಗೆಯಿರಿ, ಮಕ್ಕಳ ಕಾಲಿಗೆ ಚುಚ್ಚುತ್ತದೆ.

ಪ್ರಶ್ನೆ: ಪಿಯೋನಿ ಪಕ್ಕದಲ್ಲಿ ಲಿಲ್ಲಿ ನೆಡಬಹುದೇ? ಮನೆಯಲ್ಲಿ ಬೆಕ್ಕಿದೆ.

ಬೇಡ. ಲಿಲ್ಲಿಯ ಪರಾಗ ಮೈಗೆ ಅಂಟಿ ಬೆಕ್ಕು ನೆಕ್ಕಿಕೊಂಡರೂ ಮೂತ್ರಪಿಂಡ ಹೋಗುತ್ತದೆ. ಕೆಲವರು ಬೇಲಿ ಹಾಕಿ ನೆಡಿ ಎನ್ನುತ್ತಾರೆ, ನಾನು ಹೇಳುವುದಿಲ್ಲ. ಬೇಲಿಗೆ ಗೌರವ ಕೊಡುವ ಬೆಕ್ಕನ್ನು ನಾನು ನೋಡಿಲ್ಲ.

ಪ್ರಶ್ನೆ: ಮನೆ ಮಾರುತ್ತಿದ್ದೇವೆ, ಜುಲೈಗೆ ಬಿಡಬೇಕು. ಇಪ್ಪತ್ತು ವರ್ಷದ ಪಿಯೋನಿ ಕಿತ್ತು ಒಯ್ಯಬಹುದೇ?

ಜುಲೈನಲ್ಲಿ ಕಿತ್ತರೆ ನಿಮಗೂ ಇಲ್ಲ, ಅವರಿಗೂ ಇಲ್ಲ. ಅದೂ ಅಲ್ಲದೆ ನೆಲದಲ್ಲಿ ಬೇರೂರಿದ್ದು ಸಾಮಾನ್ಯವಾಗಿ ಮನೆಯ ಜೊತೆಗೇ ಮಾರಾಟವಾದ ಲೆಕ್ಕ, ಕರಾರಿನಲ್ಲಿ ಬಿಟ್ಟು ಬರೆಸಿರದಿದ್ದರೆ. ಕೊಳ್ಳುವವರಿಗೆ ಒಂದು ಡಬ್ಬಿ ಮೈಸೂರು ಪಾಕ್ ಕೊಟ್ಟು, ಸೆಪ್ಟೆಂಬರ್‌ನಲ್ಲಿ ಬಂದು ಒಂದು ತುಂಡು ಒಯ್ಯುತ್ತೇವೆಂದು ಕೇಳಿ. ಮೂರರಿಂದ ಐದು ಕಣ್ಣಿರುವ ತುಂಡು ಸಾಕು. ಒಪ್ಪದಿದ್ದರೆ ಹೊಸದು ಕೊಳ್ಳಿ, ವಕೀಲರಿಗಿಂತ ಅಗ್ಗ.